ನೀಲಿ ಗೆರೆ ಹೊಳೆಯೊಳಗೆ ಹೋಗಿತ್ತು

ಮೂಡಲಗಿಯಲ್ಲಿ ಕಂಪ್ಯೂಟರ್ ಆಪರೇಟರ್ ಕೆಲಸಕ್ಕೆ ಸಂದರ್ಶನವಿತ್ತು. ಬೆಳಿಗ್ಗೆ ಹತ್ತಕ್ಕೆ ಹಾಜರಿರಬೇಕು. ನಮ್ಮೂರು ಗೋಕಾಕದ ಪೂರ್ವಕ್ಕೆ, ಘಟಪ್ರಭೆಯ ಈಚೆ ದಂಡೆಗೆ. ಮೂಡಲಗಿ ಆಚೆ ದಂಡೆಗೆ. ಮೊಬೈಲಿನಲ್ಲಿ ಊರ ಹೆಸರು ಹಾಕಿದೆ. ಹೊಲಗಳ ನಡುವೆ ಹಾಯ್ದು, ಹೊಳೆ ದಾಟಿ ನೇರ ಹೋಗುವ ನೀಲಿ ಗೆರೆ ಬಂತು. ಅರ್ಧ ತಾಸಿನ ದಾರಿ ಎಂದಿತು. ಒಂಬತ್ತಕ್ಕೆ ಬೈಕ್ ತೆಗೆದೆ.

ಜುಲೈ ತಿಂಗಳು. ನಮ್ಮೂರಲ್ಲಿ ಮಳೆಯೇ ಇರಲಿಲ್ಲ, ಬಿಸಿಲು ಬಿದ್ದಿತ್ತು. ಹಾಗಾಗಿ ಹೊಳೆಯ ವಿಚಾರ ತಲೆಗೇ ಬರಲಿಲ್ಲ. ಕಬ್ಬಿನ ಹೊಲ ದಾಟಿ ಇಳಿಜಾರಿಗೆ ಬಂದರೆ ರಸ್ತೆಗೆ ಅಡ್ಡಲಾಗಿ ಜಾಲಿಕಂಟಿ ಹಾಕಿದ್ದರು. ಅದರಾಚೆ ಸೇತುವೆ ಇರಲಿಲ್ಲ. ಇತ್ತು, ಆದರೆ ಕೆಂಪು ನೀರಿನ ಕೆಳಗೆ. ಮೊಬೈಲು ಮಾತ್ರ ‘ನೇರವಾಗಿ ಮುಂದೆ ಸಾಗಿ’ ಎನ್ನುತ್ತಲೇ ಇತ್ತು.

ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನನ್ನ ಇಸ್ತ್ರಿ ಅಂಗಿ ನೋಡಿ ನಕ್ಕರು. “ಎಲ್ಲಿಗೆ ಹೊಂಟಿಯೋ ತಮ್ಮಾ?”

“ಮೂಡಲಗಿಗ್ರಿ ಕಾಕಾ. ಮೊಬೈಲ್ ಇದss ದಾರಿ ತೋರಸಾಕತ್ತೈತ್ರಿ.”

“ಮೊಬೈಲಿಗೇನ್ ಗೊತ್ತು? ನಿನ್ನೆ ಹಿಡಕಲ್ಲದಾಗ ನೀರ ಬಿಟ್ಟಾರ. ರಾತ್ರೀನ ಬಂದೈತಿ ಹೊಳಿ. ಲೋಳಸೂರ ಬ್ರಿಜ್ ಮ್ಯಾಲ ಹೋಗ.”

ಹಿಂದಿರುಗಿ ಗೋಕಾಕಕ್ಕೆ ಬಂದು, ಲೋಳಸೂರ ಸೇತುವೆ ದಾಟಿ, ಕಲ್ಲೋಳಿ, ನಾಗನೂರ ಮೇಲೆ ಮೂಡಲಗಿ ಮುಟ್ಟುವಷ್ಟರಲ್ಲಿ ಹನ್ನೊಂದೂವರೆ. ಪಟ್ಟಿಯಲ್ಲಿ ನನ್ನ ಹೆಸರು ಮೊದಲ ಹತ್ತರಲ್ಲಿತ್ತಂತೆ. ಎರಡು ಸಲ ಕೂಗಿ, ಗೆರೆ ಹೊಡೆದು ಮುಂದೆ ಹೋಗಿದ್ದರು. ಬಾಗಿಲಲ್ಲಿದ್ದವರಿಗೆ ಹೊಳೆಯ ಕಥೆ ಹೇಳಿದೆ. “ಇಲ್ಲಿ ಬಂದ ಐವತ್ತು ಮಂದಿಗೂ ಹೊಳಿ ಬಂದಿತ್ತಲ್ಲಪ್ಪಾ” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಸಂಜೆ ಈ ಸುದ್ದಿ ಕೇಳಿದ ಸೋದರಮಾವ ತಮ್ಮ ಟ್ರಂಕು ತೆಗೆದರು. ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಮಡಿಕೆಗಳಲ್ಲಿ ಹರಿದು ಸೆಲ್ಲೋಟೇಪ್ ಹಚ್ಚಿದ್ದ ರಸ್ತೆ ನಕ್ಷೆಯೊಂದನ್ನು ನೆಲದ ಮೇಲೆ ಹಾಸಿದರು. ಅದರಲ್ಲಿ ಬೆಳಗಾವಿ ಇನ್ನೂ ‘ಬೆಳಗಾಂ’. ಸಂಕೇಶ್ವರದ ಮೇಲೆ ಹೋಗುವ ಹೆದ್ದಾರಿ ಇನ್ನೂ ನಾಲ್ಕನೇ ನಂಬರಿನದು, ಈಗಿನ 48 ಅಲ್ಲ. ಮೂಡಲಗಿ ತಾಲೂಕೇ ಅಲ್ಲ, ಗೋಕಾಕ ತಾಲೂಕಿನೊಳಗೊಂದು ಚುಕ್ಕೆ. ಹಳೆಯ ಪಂಚಾಂಗ ನೋಡಿದಂತೆನಿಸಿತು.

ಸತ್ಯ ಹೇಳಬೇಕೆಂದರೆ, ನನ್ನನ್ನು ಕೆಡಿಸಿದ ಆ ತಗ್ಗು ಸೇತುವೆ ಆ ನಕ್ಷೆಯಲ್ಲೂ ಇತ್ತು. ಅದು ಮುಳುಗುತ್ತದೆ ಎಂದು ಅಲ್ಲೂ ಬರೆದಿರಲಿಲ್ಲ. ಕಾಗದ ಇದ್ದಿದ್ದರೆ ಕೆಲಸ ಸಿಗುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಮಾವ ಬೆರಳಿಟ್ಟು ತೋರಿಸಿದ್ದು ರಸ್ತೆಯನ್ನಲ್ಲ, ಹೊಳೆಯನ್ನು. “ಅಳಿಯಾ, ಮೊದಲ ನೀರ ನೋಡಬೇಕು. ಹಿಡಕಲ್ ಇಲ್ಲೈತಿ. ಹಿರಣ್ಯಕೇಶಿ ಇಲ್ಲಿ ಕೂಡತೈತಿ, ಮಾರ್ಕಂಡೇಯ ಗೋಕಾಕದ ಹತ್ರ ಕೂಡತೈತಿ. ಇವು ಮೂರೂ ತುಂಬಿ ಬಂದ್ರ ಕೆಳಗಿನವ್ರ ಗತಿ ಏನು?” ನಮ್ಮೂರಲ್ಲಿ ಬಿಸಿಲಿದ್ದರೂ ಹೊಳೆ ಬಂದದ್ದು ಯಾಕೆಂದು ನನಗೆ ಆಗ ಹೊಳೆಯಿತು. 2019ರ ಆಗಸ್ಟ್‌ನಲ್ಲಿ ಗೋಕಾಕದ ಓಣಿಗಳಿಗೇ ನೀರು ನುಗ್ಗಿದ್ದನ್ನು ಕಣ್ಣಾರೆ ಕಂಡವನು ನಾನು. ಆದರೂ ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಹೊಳೆ ಅಂದರೆ ದಾಟಬೇಕಾದ ಒಂದು ತುಂಡು ನೀಲಿ, ಅಷ್ಟೇ. ಅದಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ.

ಮೊಬೈಲಿನದು ತಪ್ಪೇ? ಉಪಗ್ರಹಗಳು ದಾರಿ ಹೇಳುವುದಿಲ್ಲ. ಅವು ಕಳಿಸುವ ಸಮಯದ ಸಂಕೇತಗಳನ್ನು, ಕನಿಷ್ಠ ನಾಲ್ಕು ಉಪಗ್ರಹಗಳಿಂದ ಹಿಡಿದು, ಫೋನು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ರಸ್ತೆ ತೆರೆದಿದೆಯೋ ಇಲ್ಲವೋ ಎಂಬುದು ಬೇರೆ ಮಾತು. ಯಾರಾದರೂ ತಿಳಿಸಬೇಕು, ಇಲ್ಲವೇ ಆ ರಸ್ತೆಯಲ್ಲಿ ಓಡಾಡುವ ಫೋನುಗಳ ವೇಗದಿಂದ ಗೊತ್ತಾಗಬೇಕು. ಬೆಂಗಳೂರಿನ ಸಿಗ್ನಲ್ಲಿನಲ್ಲಿ ನೂರಾರು ಫೋನುಗಳಿರುತ್ತವೆ. ನಮ್ಮ ಹೊಳೆದಂಡೆಯಲ್ಲಿ ಆ ಹೊತ್ತಿಗಿದ್ದದ್ದು ನಾನು ಮತ್ತು ನಾಲ್ಕು ಎಮ್ಮೆ. ನಾನಾದರೂ ಹಿಂದಿರುಗಿದೆ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ನ್ಯಾವಿಗೇಷನ್ ನಂಬಿ ಹೊರಟ ಕಾರೊಂದು, ಪ್ರವಾಹಕ್ಕೆ ಕೊಚ್ಚಿಹೋಗಿದ್ದ ಸೇತುವೆಯ ತುದಿಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಆ ಸುದ್ದಿ ನಾನೂ ಓದಿದ್ದೆ. ಓದಿ, ‘ಎಂಥಾ ಮಂದಿ ಇದ್ದಾರಪ್ಪಾ’ ಎಂದಿದ್ದೆ.

ಈಗ ಊರು ಬಿಡುವ ಮುಂಚೆ ಹತ್ತು ನಿಮಿಷ ಕಾಗದದ ನಕ್ಷೆ ನೋಡುತ್ತೇನೆ. ಹೊಳೆ ಎಲ್ಲಿ, ದೊಡ್ಡ ಸೇತುವೆ ಎಲ್ಲಿ, ರೈಲು ಹಳಿ ಎಲ್ಲಿ. ಬಳಿಕ ಮೊಬೈಲು. ಕಳೆದ ಚಳಿಗಾಲದಲ್ಲಿ ಮೂವರು ಗೆಳೆಯರು ಗೋಕಾಕ ಫಾಲ್ಸ್ ನೋಡಿ, ಗೊಡಚಿನಮಲ್ಕಿಗೆ ಇಳಿದು, ಪಾಶ್ಚಾಪುರ, ಹಿಡಕಲ್ ಮೇಲೆ ಹುಕ್ಕೇರಿಗೆ ಹೋಗಿ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡಿಬಂದೆವು. ಗೊಡಚಿನಮಲ್ಕಿಯ ಕಣಿವೆಯಲ್ಲಿ ನಮ್ಮ ಮೂವರ ಫೋನಿಗೂ ನೆಟ್‌ವರ್ಕ್ ಇರಲಿಲ್ಲ. ಆದರೆ ಹಿಂದಿನ ರಾತ್ರಿ ವೈಫೈನಲ್ಲಿ ನಕ್ಷೆ ಡೌನ್‌ಲೋಡ್ ಮಾಡಿದ್ದೆವು, ಚುಕ್ಕೆ ಸರಿಯಾಗಿಯೇ ಓಡುತ್ತಿತ್ತು. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಹುಕ್ಕೇರಿಯ ಓಣಿಗಳಲ್ಲಂತೂ ಮಾವನ ನಕ್ಷೆ ಕೆಲಸಕ್ಕೆ ಬರಲಿಲ್ಲ, ಮೊಬೈಲೇ ಗೆದ್ದಿತು.

ಹೆಸರುಗಳ ಗೊಂದಲ ಮಾತ್ರ ಎರಡಕ್ಕೂ ಇದೆ. ಘಟಪ್ರಭಾ ಎಂದರೆ ನದಿಯೂ ಹೌದು, ಊರೂ ಹೌದು, ರೈಲು ನಿಲ್ದಾಣವೂ ಹೌದು. ‘ಗೋಕಾಕ ರೋಡ್’ ನಿಲ್ದಾಣ ಗೋಕಾಕದಲ್ಲಿಲ್ಲ. ಹೊರಗಿನಿಂದ ಪರೀಕ್ಷೆಗೆ ಬರುವವರು ಆ ಹೆಸರು ನಂಬಿ ರೈಲಿಳಿದು, ಊರೆಲ್ಲಿ ಎಂದು ಕೇಳುತ್ತಾರೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಒಂದು ಮಾತು. ಸರ್ವೇ ಆಫ್ ಇಂಡಿಯಾ ಶುರುವಾದದ್ದು 1767ರಲ್ಲಿ ಎಂದು ನಾನೂ ಬಾಯಿಪಾಠ ಮಾಡಿದ್ದೆ. 1:50,000 ಅಳತೆಯ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್ ಎಂಬ ಲೆಕ್ಕಕ್ಕೂ ಅಂಕ ಪಡೆದಿದ್ದೆ. ಅಂಥ ನಕ್ಷೆಯನ್ನು ಹಾಸಿ ನನ್ನ ಊರನ್ನು ಒಮ್ಮೆಯೂ ಹುಡುಕಿರಲಿಲ್ಲ.

ಮುಂದಿನ ತಿಂಗಳು ಚಿಕ್ಕೋಡಿಯಲ್ಲಿ ಇನ್ನೊಂದು ಸಂದರ್ಶನವಿದೆ. ಮತ್ತೆ ಮಳೆಗಾಲ. ಲೋಳಸೂರ ಸೇತುವೆ ಮೇಲೇ ಹೋಗುವುದೆಂದು ಗುರುತು ಹಾಕಿದ್ದೇನೆ. ಮಾವ ಹಿಂದಿನ ದಿನ ಸಂಜೆಯೇ ಹೋಗಿ ಗೆಳೆಯನ ರೂಮಿನಲ್ಲಿ ಮಲಗು ಎನ್ನುತ್ತಿದ್ದಾರೆ.