‘ಬಾರ್ಡರ್’ ಚಿತ್ರದ ಬಂದೂಕು, ತೋಪು, ವಿಮಾನ

ಯುದ್ಧದ ಸಿನಿಮಾ ನೋಡುವಾಗ ಒಮ್ಮೆ ಹೀಗೆ ಮಾಡಿ. ನಾಯಕನ ಕೈಗೆ ಬಂದೂಕು ಬಂದ ಕ್ಷಣದಿಂದ ಅವನು ಎಷ್ಟು ಗುಂಡು ಹಾರಿಸಿದ, ನಡುವೆ ಎಷ್ಟು ಬಾರಿ ಮ್ಯಾಗಜಿನ್ ಬದಲಿಸಿದ ಎಂದು ಎಣಿಸುತ್ತ ಹೋಗಿ. ಸಾಮಾನ್ಯವಾಗಿ ಐದು ನಿಮಿಷದೊಳಗೆ ನಿಮ್ಮ ಲೆಕ್ಕ ತಪ್ಪುತ್ತದೆ. ತಪ್ಪು ನಿಮ್ಮದಲ್ಲ. ಸಿನಿಮಾದ ಬಂದೂಕಿಗೆ ಗುಂಡು ಮುಗಿಯುವುದಿಲ್ಲ, ನಳಿಗೆ ಕಾಯುವುದಿಲ್ಲ, ಅದು ಭಾರವೂ ಆಗುವುದಿಲ್ಲ. ರಣರಂಗದ ಬಂದೂಕಿಗೆ ಈ ಮೂರೂ ಉಂಟು. ಯುದ್ಧಗಳ ಫಲಿತಾಂಶವನ್ನು ಎಷ್ಟೋ ಸಲ ತೀರ್ಮಾನಿಸಿರುವುದು ಇಂತಹ ಮಿತಿಗಳೇ.

ಇದನ್ನು ತಿಳಿಯಲು ನಿಮಗೆಲ್ಲ ಪರಿಚಿತವಾದ ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ಜೆ.ಪಿ. ದತ್ತಾ ನಿರ್ದೇಶಿಸಿದ ಹಿಂದಿ ಚಿತ್ರ ‘ಬಾರ್ಡರ್’ ತೆರೆಗೆ ಬಂದದ್ದು 1997ರಲ್ಲಿ. ಅದರ ಕಥೆಗೆ ಆಧಾರ ನಿಜವಾಗಿ ನಡೆದ ಒಂದು ಕಾಳಗ. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಮರುಭೂಮಿಯಲ್ಲಿ, ಜೈಸಲ್ಮೇರ್ ಜಿಲ್ಲೆಯ ಲೋಂಗೆವಾಲಾ ಎಂಬ ಗಡಿಠಾಣೆಯ ಮೇಲೆ ಪಾಕಿಸ್ತಾನದ ಸೇನೆ ನಲವತ್ತಕ್ಕೂ ಹೆಚ್ಚು ಟ್ಯಾಂಕುಗಳೊಂದಿಗೆ, ಸುಮಾರು ಎರಡು ಸಾವಿರ ಸೈನಿಕರೊಂದಿಗೆ ಬಂತು. ಠಾಣೆಯಲ್ಲಿದ್ದದ್ದು ಪಂಜಾಬ್ ರೆಜಿಮೆಂಟಿನ 23ನೆಯ ಬೆಟಾಲಿಯನ್ನಿನ ಒಂದು ಕಂಪನಿ, ಎಂದರೆ ಸುಮಾರು 120 ಜನ. ಅವರ ನಾಯಕ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ. ಜೊತೆಗೆ ಗಡಿ ಭದ್ರತಾ ಪಡೆಯ ಕೆಲವೇ ಯೋಧರು. ಭಾರತದ ಕಡೆ ಒಂದು ಟ್ಯಾಂಕೂ ಅಲ್ಲಿರಲಿಲ್ಲ.

ಠಾಣೆಯನ್ನು ಉಳಿಸಿಕೊಳ್ಳಬಹುದು, ಇಲ್ಲವೇ ಹಿಂದೆ ಸರಿಯಬಹುದು ಎಂದು ಮೇಲಿನಿಂದ ಸೂಚನೆ ಬಂದಾಗ ಚಾಂದಪುರಿ ಅಲ್ಲೇ ನಿಲ್ಲಲು ನಿರ್ಧರಿಸಿದರು. ಚಿತ್ರದಲ್ಲಿ ಇದು ಬಲು ರೋಮಾಂಚಕ ಸನ್ನಿವೇಶ. ಆದರೆ ಈ ತೀರ್ಮಾನದ ಹಿಂದೆ ತಣ್ಣನೆಯ ಲೆಕ್ಕವೂ ಇತ್ತು. ಕಂಪನಿಯನ್ನು ಸಾಗಿಸುವಷ್ಟು ವಾಹನಗಳಿರಲಿಲ್ಲ. ಮರಳಿನಲ್ಲಿ ಕಾಲ್ನಡಿಗೆಯಲ್ಲಿ ಹೊರಟರೆ ಟ್ಯಾಂಕುಗಳು ಬಯಲಿನಲ್ಲೇ ಅವರನ್ನು ಹಿಡಿಯುತ್ತಿದ್ದವು. ಠಾಣೆಯಾದರೋ ಎತ್ತರದ ಮರಳುದಿಬ್ಬದ ಮೇಲಿತ್ತು, ಸುತ್ತಲೂ ಸಡಿಲ ಮರಳು.

ಇನ್ನು ಅವರ ಆಯುಧಗಳು. ಆ ಕಾಲದಲ್ಲಿ ನಮ್ಮ ಪದಾತಿ ಸೈನಿಕನ ಕೈಯಲ್ಲಿರುತ್ತಿದ್ದದ್ದು 7.62 ಮಿ.ಮೀ. ಸೆಲ್ಫ್ ಲೋಡಿಂಗ್ ರೈಫಲ್, ಸೈನಿಕರ ಮಾತಿನಲ್ಲಿ ಎಸ್‌ಎಲ್‌ಆರ್. ಒಂದು ಗುಂಡು ಹಾರಿದಾಗ ನಳಿಗೆಯಲ್ಲಿ ಹುಟ್ಟುವ ಅನಿಲದ ಸ್ವಲ್ಪ ಭಾಗ ಒಂದು ಪಿಸ್ಟನ್ನನ್ನು ತಳ್ಳಿ, ಖಾಲಿ ತೋಟೆಯನ್ನು ಹೊರಗೆಸೆದು, ಮುಂದಿನದನ್ನು ಒಳಗೆ ಕೂರಿಸುತ್ತದೆ. ಆದರೆ ಕುದುರೆಯನ್ನು ಒಮ್ಮೆ ಎಳೆದರೆ ಹಾರುವುದು ಒಂದೇ ಗುಂಡು. ಮ್ಯಾಗಜಿನ್ನಿನಲ್ಲಿ ಹಿಡಿಯುವುದು 20. ಬಂದೂಕಿನ ತೂಕವೇ ನಾಲ್ಕು ಕಿಲೋಗ್ರಾಂ ಮೀರುತ್ತದೆ. ಮೆಷಿನ್ ಗನ್ ಸತತವಾಗಿ ಸಿಡಿಯಬಲ್ಲದು, ನಿಜ. ಆದರೆ ನಳಿಗೆ ಕೆಂಡದಂತೆ ಕಾಯುವುದರಿಂದ ಬಿಡಿ ನಳಿಗೆಯನ್ನು ಜೊತೆಗಿಟ್ಟುಕೊಂಡು ಆಗಾಗ ಬದಲಿಸಬೇಕು. ಯಾವ ನಾಯಕನಟ ಹಾಗೆ ಬದಲಿಸಿದ್ದನ್ನು ನೀವು ನೋಡಿದ್ದೀರಿ?

ಸಿನಿಮಾದವರಿಗೂ ಇಲ್ಲಿ ಒಂದು ತಾಂತ್ರಿಕ ತೊಡಕಿದೆ. ಚಿತ್ರೀಕರಣಕ್ಕೆ ಬಳಸುವುದು ಸೀಸವಿಲ್ಲದ, ಬರಿಯ ಮದ್ದಿನ ಖಾಲಿ ತೋಟೆ. ಮುಂದೆ ಗುಂಡಿಲ್ಲದಿದ್ದರೆ ಅನಿಲ ಸುಲಭವಾಗಿ ಹೊರಗೆ ಹೋಗಿಬಿಡುತ್ತದೆ, ಪಿಸ್ಟನ್ನನ್ನು ತಳ್ಳುವಷ್ಟು ಒತ್ತಡ ಉಳಿಯುವುದಿಲ್ಲ. ಅದಕ್ಕಾಗಿ ನಳಿಗೆಯ ಬಾಯನ್ನು ಭಾಗಶಃ ಮುಚ್ಚುತ್ತಾರೆ. ತೆರೆಯ ಮೇಲೆ ಬಂದೂಕು ನಟನ ಭುಜವನ್ನು ಅಷ್ಟಾಗಿ ಒದೆಯದಿರುವುದಕ್ಕೂ ಇದೇ ಕಾರಣ: ಮುಂದಕ್ಕೆ ಹೋಗುವ ಸೀಸವೇ ಇಲ್ಲದಾಗ ಹಿಂದಕ್ಕೆ ಒದೆತ ಎಲ್ಲಿಂದ ಬರಬೇಕು?

ಏನೇ ಆಗಲಿ, ರೈಫಲ್ಲಿನ ಗುಂಡು ಟ್ಯಾಂಕಿಗೆ ಸೊಳ್ಳೆಕಡಿತ. ಎದುರಿಗೆ ಬಂದ ಟಿ-59 ಟ್ಯಾಂಕು ಸೋವಿಯತ್ ಟಿ-54ರ ಚೀನೀ ಪ್ರತಿ. ತೂಕ ಸುಮಾರು 36 ಟನ್, ತೋಪು 100 ಮಿ.ಮೀ., ಗೋಪುರದ ಮುಂಭಾಗದ ಉಕ್ಕು ಸುಮಾರು 200 ಮಿ.ಮೀ. ದಪ್ಪ. ಇದನ್ನು ನಿಲ್ಲಿಸಲು ಠಾಣೆಯಲ್ಲಿದ್ದ ಮುಖ್ಯ ಆಯುಧ ಚಿತ್ರದಲ್ಲಿಯೂ ಕಾಣುವ, ಜೀಪಿನ ಮೇಲೆ ಕೂರಿಸಿದ ಉದ್ದ ನಳಿಗೆಯ ತೋಪು. ಅದರ ಹೆಸರು 106 ಮಿ.ಮೀ. ರಿಕಾಯಿಲ್‌ಲೆಸ್ ಗನ್, ಚಿಕ್ಕದಾಗಿ ಆರ್‌ಸಿಎಲ್. ಎಂದರೆ ಹಿಂದಕ್ಕೆ ಒದೆಯದ ತೋಪು. ಇದರ ಬಗ್ಗೆ ನಾವು ಸ್ವಲ್ಪ ನಿಧಾನವಾಗಿ ತಿಳಿಯಬೇಕು, ಏಕೆಂದರೆ ನಿಮ್ಮ ಭೌತಶಾಸ್ತ್ರದ ಪಾಠ ಇಲ್ಲಿ ಜೀವಂತವಾಗಿದೆ.

ಸಂವೇಗ ಸಂರಕ್ಷಣೆಯ ನಿಯಮ ನಿಮಗೆ ಗೊತ್ತು. ಗುಂಡು ಎಷ್ಟು ಸಂವೇಗದಿಂದ ಮುಂದಕ್ಕೆ ಹೋಗುತ್ತದೋ ಅಷ್ಟೇ ಸಂವೇಗ ಹಿಂದಕ್ಕೂ ಬರಬೇಕು. ಸಾಮಾನ್ಯ ತೋಪಿನಲ್ಲಿ ಅದನ್ನು ತೋಪೇ ತಡೆದುಕೊಳ್ಳುತ್ತದೆ. ಆದ್ದರಿಂದ ಅದಕ್ಕೆ ಭಾರವಾದ ಗಾಡಿ, ಒದೆತವನ್ನು ನುಂಗುವ ಯಂತ್ರ, ನೆಲಕ್ಕೆ ನೆಡುವ ಕಾಲುಗಳು ಬೇಕು. 105 ಮಿ.ಮೀ.ನ ಹಾವಿಟ್ಜರ್ ತೋಪು ಎರಡು ಟನ್ ಮೀರಿ ತೂಗುವುದು ಅದಕ್ಕೇ. ಆರ್‌ಸಿಎಲ್‌ನಲ್ಲಿ ಹಿಂಬದಿ ಮುಚ್ಚಿರುವುದಿಲ್ಲ. ತೋಟೆಯ ಮೈತುಂಬ ರಂಧ್ರಗಳು. ಮದ್ದು ಉರಿದಾಗ ಒಂದಷ್ಟು ಅನಿಲ ಗುಂಡನ್ನು ಮುಂದಕ್ಕೆ ತಳ್ಳುತ್ತದೆ, ಉಳಿದದ್ದು ಆ ರಂಧ್ರಗಳಿಂದ ನುಗ್ಗಿ ಹಿಂಬದಿಯ ಕಿಂಡಿಗಳ ಮೂಲಕ ಭರ್ರನೆ ಹೊರಹೋಗುತ್ತದೆ. ಮುಂದಕ್ಕೆ ಹೋದ ಗುಂಡಿನ ಸಂವೇಗಕ್ಕೆ ಹಿಂದಕ್ಕೆ ಹೋದ ಅನಿಲದ ಸಂವೇಗ ಸರಿಹೊಂದಿತು. ನಡುವಿನ ತೋಪಿಗೆ ಒದೆತವಿಲ್ಲ! ಹೀಗಾಗಿ ಇದರ ತೂಕ ಸುಮಾರು 210 ಕಿಲೋಗ್ರಾಂ ಮಾತ್ರ. ಜೀಪು ಇದನ್ನು ಹೊತ್ತು ಓಡಬಲ್ಲದು.

ಒಂದು ತಮಾಷೆಯ ಸಂಗತಿ: ಇದರ ನಳಿಗೆಯ ನಿಜವಾದ ಅಳತೆ 105 ಮಿ.ಮೀ. ಇದಕ್ಕೂ ಮೊದಲಿದ್ದ ಒಂದು ತೋಪಿನ 105 ಮಿ.ಮೀ. ಗುಂಡುಗಳೊಡನೆ ಬೆರೆತುಹೋಗದಿರಲೆಂದು ಹೆಸರಿನಲ್ಲಿ ಮಾತ್ರ ಒಂದು ಮಿಲಿಮೀಟರ್ ಹೆಚ್ಚಿಸಿದರು.

ನಳಿಗೆಯ ಮೇಲೆ ಚಿಕ್ಕ ಬಂದೂಕೊಂದು ಕೂತಿರುವುದನ್ನು ಚಿತ್ರಗಳಲ್ಲಿ ಗಮನಿಸಿ. ಅದು ಗುರಿ ನೋಡುವ ಬಂದೂಕು. ಅದರ ಗುಂಡು ಹೊಳೆಯುತ್ತ, ದೊಡ್ಡ ಗುಂಡಿನ ಹಾದಿಯಲ್ಲಿಯೇ ಸಾಗುತ್ತದೆ. ಚಿಕ್ಕದು ಟ್ಯಾಂಕಿಗೆ ತಾಗಿದರೆ ದೊಡ್ಡದನ್ನು ಹಾರಿಸಬಹುದು. ದೊಡ್ಡ ಗುಂಡಿನೊಳಗೆ ತಾಮ್ರದ ಶಂಕುವೊಂದಿದ್ದು, ಅದರ ಹಿಂದೆ ಸ್ಫೋಟಕ ತುಂಬಿರುತ್ತದೆ. ಸ್ಫೋಟದ ಒತ್ತಡಕ್ಕೆ ಶಂಕು ಒಳಮುಚ್ಚಿ, ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದ ಲೋಹದ ಎಳೆಯಾಗಿ ಉಕ್ಕನ್ನು ಕೊರೆಯುತ್ತದೆ.

ಹಾಗಾದರೆ ಇದರ ಮಿತಿ? ಹಿಂದಕ್ಕೆ ನುಗ್ಗುವ ಅನಿಲವೇ ಇದರ ಶತ್ರು. ಹಿಂದೆ ನಿಂತವರು ಬದುಕುವುದು ಕಷ್ಟ. ಮರುಭೂಮಿಯಲ್ಲಿ ಒಂದು ಸಲ ಹಾರಿಸಿದರೆ ಬೆಂಕಿಯೊಂದಿಗೆ ಧೂಳಿನ ದೊಡ್ಡ ಮೋಡವೇಳುತ್ತದೆ, ‘ನಾನಿಲ್ಲಿದ್ದೇನೆ’ ಎಂದು ವೈರಿಗೆ ಕೂಗಿ ಹೇಳಿದಂತೆ. ಒಂದೆರಡು ಗುಂಡು ಹಾರಿಸಿದೊಡನೆ ಜಾಗ ಬದಲಿಸಲೇಬೇಕು. ಜೀಪು ಬೇಕಾದದ್ದು ಅದಕ್ಕೇ. ಲೋಂಗೆವಾಲಾದಲ್ಲಿ ಇಂತಹ ತೋಪುಗಳಿದ್ದದ್ದು ಎರಡು. ಟ್ಯಾಂಕುಗಳು ಹತ್ತಿರ ಬರುವವರೆಗೂ ಕಾದು ಹೊಡೆದರು. ಒಂದು ತೋಪು ತನ್ನ ಜೀಪಿನೊಂದಿಗೆ ಕಾಳಗದಲ್ಲಿ ನಾಶವಾಯಿತು.

ಚಿತ್ರಗಳಲ್ಲಿ ಟ್ಯಾಂಕಿಗೆ ಏಟು ಬಿದ್ದ ಕೂಡಲೇ ಬೆಂಕಿಯ ಚೆಂಡು ಏಳುತ್ತದಲ್ಲ, ಅದು ಸಾಮಾನ್ಯವಾಗಿ ಪೆಟ್ರೋಲಿನ ಕರಾಮತ್ತು. ಆದರೆ ಲೋಂಗೆವಾಲಾದ ಮಟ್ಟಿಗೆ ಸಿನಿಮಾದವರನ್ನು ಪೂರ್ತಿ ದೂರುವಂತಿಲ್ಲ. ದೂರದ ದಾರಿಗೆಂದು ಪಾಕಿಸ್ತಾನದ ಟ್ಯಾಂಕುಗಳು ಇಂಧನದ ಪೀಪಾಯಿಗಳನ್ನು ಬೆನ್ನ ಮೇಲೆ ಹೊತ್ತು ಬಂದಿದ್ದವು. ಅವು ಹೊತ್ತಿ ಉರಿದ ಬೆಳಕಿನಲ್ಲಿ ಉಳಿದ ಟ್ಯಾಂಕುಗಳೂ ಕಾಣಿಸಿದವು. ಇತ್ತ ಮುಳ್ಳುತಂತಿಯನ್ನು ಕಂಡ ದಾಳಿಕೋರರು ನೆಲಬಾಂಬುಗಳನ್ನು ಹೂತಿರಬಹುದೆಂದು ಶಂಕಿಸಿ ಬಹಳ ಹೊತ್ತು ತಡೆದರು. ರಸ್ತೆ ಬಿಟ್ಟಿಳಿದ ಟ್ಯಾಂಕುಗಳು ಸಡಿಲ ಮರಳಿನಲ್ಲಿ ಹೂತುಕೊಂಡವು. ಬರೀ ಮರಳನ್ನು ಆಯುಧವೆನ್ನುವುದು ಹೇಗೆ ಎಂದು ನೀವು ಕೇಳಬಹುದು. ಆ ರಾತ್ರಿ ಅಲ್ಲಿ ಅದಕ್ಕಿಂತ ದೊಡ್ಡ ಆಯುಧ ಯಾವುದೂ ಇರಲಿಲ್ಲವೆಂದೇ ನನ್ನ ಅಭಿಪ್ರಾಯ.

ಜೈಸಲ್ಮೇರ್‌ನ ವಾಯುನೆಲೆಯಲ್ಲಿ ಬೆರಳೆಣಿಕೆಯ ಹಂಟರ್ ವಿಮಾನಗಳಿದ್ದವು. ಅವು ರಾತ್ರಿಯೇ ಏಕೆ ಹಾರಲಿಲ್ಲ? ಕತ್ತಲೆಯಲ್ಲಿ ನೆಲದ ಮೇಲಿನ ಗುರಿಯನ್ನು ಕಾಣುವ ಉಪಕರಣ ಅವುಗಳಲ್ಲಿರಲಿಲ್ಲ. ಆದ್ದರಿಂದ ಠಾಣೆಯವರು ಬೆಳಗಾಗುವವರೆಗೆ ತಾಳಿಕೊಳ್ಳಬೇಕಾಯಿತು. ಬೆಳಕು ಹರಿದೊಡನೆ ಪಾತ್ರಗಳು ಅದಲುಬದಲಾದವು. ಟ್ಯಾಂಕಿನ ಮುಂಭಾಗ ಎಷ್ಟು ದಪ್ಪವೋ ನೆತ್ತಿ ಅಷ್ಟೇ ತೆಳು, ಸುಮಾರು 30 ಮಿ.ಮೀ. ಮಾತ್ರ. ಹಂಟರ್‌ನ ಮೂಗಿನ ಕೆಳಗಿರುವ 30 ಮಿ.ಮೀ.ನ ನಾಲ್ಕು ಏಡನ್ ತೋಪುಗಳು ಮತ್ತು ರೆಕ್ಕೆಯಡಿಯ ರಾಕೆಟ್‌ಗಳು ಮೇಲಿನಿಂದ ಬಂದವು. ಇಲ್ಲಿಯೂ ಲೆಕ್ಕ ಮಾಡಿ: ಒಂದೊಂದು ತೋಪು ಸೆಕೆಂಡಿಗೆ ಸುಮಾರು 20 ಗುಂಡು ಹಾರಿಸುತ್ತದೆ, ಇರುವುದು ತೋಪಿಗೆ ಸುಮಾರು 150. ಬೆರಳನ್ನು ಒತ್ತಿಯೇ ಹಿಡಿದರೆ ಏಳೆಂಟು ಸೆಕೆಂಡಿನಲ್ಲಿ ಎಲ್ಲ ಖಾಲಿ! ಪೈಲಟ್ ಪ್ರತಿ ಸಲವೂ ಒಂದು ಕ್ಷಣ ಮಾತ್ರ ಒತ್ತುತ್ತಾನೆ. ಹಿಂದಿರುಗಿ ತುಂಬಿಸಿಕೊಂಡು ಮತ್ತೆ ಮತ್ತೆ ಬಂದವು ಹಂಟರ್‌ಗಳು. ವೈರಿಯ ಕಡೆ ವಿಮಾನಗಳ ರಕ್ಷಣೆ ಇರಲಿಲ್ಲ. ತಪ್ಪಿಸಿಕೊಳ್ಳಲು ಟ್ಯಾಂಕುಗಳು ಮರಳಿನಲ್ಲಿ ಸುತ್ತುತ್ತ ಬಿಡಿಸಿದ ವರ್ತುಲಗಳನ್ನು ಅಂದು ಆಕಾಶದಿಂದ ತೆಗೆದ ಛಾಯಾಚಿತ್ರಗಳಲ್ಲಿ ಇಂದಿಗೂ ಕಾಣಬಹುದು.

ಚಿತ್ರ ನೋಡಿ ಬಂದವರಿಗೆ ಹಂಟರ್ ನೆನಪಿರುತ್ತದೆ. ಆದರೆ ಆ ಆಕಾಶದಲ್ಲಿ ಇನ್ನೊಂದು ಪುಟ್ಟ ವಿಮಾನವೂ ಇತ್ತು, ಹೆಸರು ಕೃಷಕ್. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು 1959ರಲ್ಲಿ ಮೊದಲ ಬಾರಿಗೆ ಹಾರಿದ, ಪಂಕಾ ತಿರುಗಿಸುವ ನಿಧಾನಗತಿಯ ವಿಮಾನವದು. ಮೇಜರ್ ಆತ್ಮಾ ಸಿಂಗ್ ಅದನ್ನು ಲೋಂಗೆವಾಲಾದ ಮೇಲೆ ಹಾರಿಸುತ್ತ, ಟ್ಯಾಂಕುಗಳು ಎಲ್ಲಿವೆ ಎಂದು ಹಂಟರ್ ಪೈಲಟ್‌ಗಳಿಗೆ ರೇಡಿಯೋದಲ್ಲಿ ಹೇಳುತ್ತಿದ್ದರು. ವೇಗವಾಗಿ ಹಾರುವವನಿಗೆ ನೆಲ ಕಾಣುವುದು ಕ್ಷಣಮಾತ್ರ. ನಿಧಾನವಾಗಿ ಹಾರುವವನಿಗೆ ಎಲ್ಲವೂ ಕಾಣುತ್ತದೆ, ನೆಲದಲ್ಲಿರುವವರಿಗೆ ಅವನೂ ಕಾಣುತ್ತಾನೆ.

ಕಾಳಗ ಮುಗಿದಾಗ ಮೂವತ್ತಕ್ಕೂ ಹೆಚ್ಚು ಟ್ಯಾಂಕುಗಳು ನಾಶವಾಗಿದ್ದವು, ಇಲ್ಲವೇ ಬಿಟ್ಟುಹೋದ ಸ್ಥಿತಿಯಲ್ಲಿದ್ದವು. ಠಾಣೆಯಲ್ಲಿ ಮಡಿದ ಭಾರತೀಯ ಯೋಧರು ಇಬ್ಬರು. ಚಾಂದಪುರಿ ಅವರಿಗೆ ಮಹಾವೀರ ಚಕ್ರ ಸಂದಿತು. ಅವರು ತೀರಿಕೊಂಡದ್ದು 2018ರಲ್ಲಿ.

ಚಿತ್ರದಲ್ಲಿ ಸುನೀಲ್ ಶೆಟ್ಟಿ ಅಭಿನಯಿಸಿದ, ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ವೀರಮರಣವನ್ನಪ್ಪುವುದು ನಿಮಗೆ ನೆನಪಿದೆಯಲ್ಲವೇ? ನಿಜವಾದ ಭೈರೋನ್ ಸಿಂಗ್ ರಾಠೋಡ್ ಆ ರಾತ್ರಿ ಲೈಟ್ ಮೆಷಿನ್ ಗನ್ ಹಿಡಿದು ಕಾದಾಡಿ, ಬೆಳಗನ್ನು ಕಂಡು, 1972ರಲ್ಲಿ ಸೇನಾ ಪದಕ ಪಡೆದು, ಊರಿಗೆ ಮರಳಿದರು. ತೆರೆಯ ಮೇಲೆ ತಾವು ಸತ್ತು ಹೋದ ಮೇಲೂ ಇಪ್ಪತ್ತೈದು ವರ್ಷ ಬದುಕಿದ್ದು, 2022ರ ಡಿಸೆಂಬರ್‌ನಲ್ಲಿ ಜೋಧಪುರದಲ್ಲಿ ಕಣ್ಣುಮುಚ್ಚಿದರು.