ಟೋನ್ ಎಣಿಸುವ ಮೊದಲು ಕೀ ಒತ್ತಿ ನೋಡಿ

ಮೊದಲ ಕೀಬೋರ್ಡ್ ಕೊಳ್ಳಲು ಹೋದವರ ಕಣ್ಣು ನೇರ ರಟ್ಟಿನ ಪೆಟ್ಟಿಗೆಯ ಮೇಲಿನ ದಪ್ಪ ಅಂಕಿಗಳ ಮೇಲೆ ಬೀಳುತ್ತದೆ. 400 ಟೋನ್, 100 ರಿದಮ್! ಅಂಗಡಿಯವರೂ ಅದನ್ನೇ ಒತ್ತಿ ಹೇಳುತ್ತಾರೆ. ಕಲಿಯುವವರಿಗೆ ಬೇಕಾದ ವಿಷಯ ಮಾತ್ರ ಸಣ್ಣಕ್ಷರದಲ್ಲಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ.

"ಟೋನ್ ಹೆಚ್ಚಿದ್ದಷ್ಟೂ ಒಳ್ಳೆಯದು"

ಹೊಸಬರು ಮೊದಲ ವರ್ಷ ಬಳಸುವುದು ಪಿಯಾನೊ, ಆರ್ಗನ್, ಕೊಳಲು, ಹೆಚ್ಚೆಂದರೆ ಸ್ಟ್ರಿಂಗ್ಸ್. ಮಿಕ್ಕಿದ್ದನ್ನು ಮನೆಗೆ ಬಂದ ನೆಂಟರ ಮಕ್ಕಳು ಒತ್ತಿ ನೋಡುತ್ತಾರೆ. ಟೋನ್ ಕಡಿಮೆಯಿದ್ದು ಟಚ್ ರೆಸ್ಪಾನ್ಸ್ ಇರುವ ಮಾದರಿ ಅದೇ ಬೆಲೆಗೆ ಸಿಕ್ಕರೆ ಹಿಂದೆಮುಂದೆ ನೋಡದೆ ಅದನ್ನೇ ತನ್ನಿ.

"ಟಚ್ ರೆಸ್ಪಾನ್ಸ್ ಅಂದರೆ ಎಷ್ಟು ಬಲವಾಗಿ ಒತ್ತುತ್ತೇವೆ ಎಂಬುದರ ಲೆಕ್ಕ"

ಅಲ್ಲ. ಯಂತ್ರ ಅಳೆಯುವುದು ಬಲವನ್ನಲ್ಲ, ವೇಗವನ್ನು. ಪ್ರತಿ ಕೀಯ ಅಡಿಯಲ್ಲಿ ಎರಡು ವಿದ್ಯುತ್ ಸಂಪರ್ಕಗಳಿರುತ್ತವೆ. ಕೀ ಇಳಿಯುವಾಗ ಮೊದಲು ಒಂದು ಕೂಡುತ್ತದೆ, ಆಮೇಲೆ ಇನ್ನೊಂದು. ನಡುವಿನ ಕ್ಷಣಾಂಶ ಕಡಿಮೆಯಾದಷ್ಟೂ ದನಿ ಜೋರು. 1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿಯಲ್ಲಿ ಈ ವೇಗಕ್ಕೆ 1ರಿಂದ 127ರವರೆಗೆ ಅಂಕಿಗಳಿವೆ. ಟಚ್ ಇಲ್ಲದ ಕೀಬೋರ್ಡಿನಲ್ಲಿ ಸವರಿದರೂ ಗುದ್ದಿದರೂ ಒಂದೇ ದನಿ. ಅಂಥದರಲ್ಲಿ ಕಲಿತ ಬೆರಳಿಗೆ ಮೆಲ್ಲಗೆ ನುಡಿಸುವುದು ಎಂಬುದೊಂದು ಇದೆಯೆಂದೇ ಗೊತ್ತಿರುವುದಿಲ್ಲ. ಅದನ್ನು ಆಮೇಲೆ ತಿದ್ದುವ ಕಷ್ಟ ಮೇಷ್ಟರ ಪಾಲಿಗೆ.

ಹಳೆಯ ಕೀಬೋರ್ಡ್ ಕೊಳ್ಳುವವರಿಗೂ ಈ ಎರಡು ಸಂಪರ್ಕಗಳ ವಿಷಯ ಗೊತ್ತಿರಬೇಕು. ಎಡತುದಿಯಿಂದ ಬಲತುದಿಯವರೆಗೆ, ಕಪ್ಪು ಬಿಳಿ ಒಂದನ್ನೂ ಬಿಡದೆ, ಮೆಲ್ಲಗೆ ಒತ್ತುತ್ತ ಹೋಗಿ. ಸಂಪರ್ಕದ ಮೇಲೆ ಧೂಳು ಕೂತಿದ್ದರೆ ಒಂದು ಕೀ ಮೂಕವಾಗಿರುತ್ತದೆ, ಮತ್ತೊಂದು ಮುಟ್ಟಿದ್ದೇ ತಡ ಕಿರುಚುತ್ತದೆ. ಮಾರುವವರು ಡೆಮೊ ಹಾಡು ಹಾಕಿ ಮೆಚ್ಚಿಸಲು ನೋಡಿದರೆ ಮರುಳಾಗಬೇಡಿ. ಡೆಮೊ ಹಾಡಿಗೆ ಕೀಗಳ ಹಂಗೇ ಇಲ್ಲ.

"88 ಕೀ ಇಲ್ಲದಿದ್ದರೆ ಕಲಿಕೆ ಅರ್ಧಂಬರ್ಧ"

ಏನು ಕಲಿಯುತ್ತೀರಿ ಎಂಬುದು ಮೊದಲು ತೀರ್ಮಾನವಾಗಲಿ. 88 ಎಂಬುದು ಪಿಯಾನೊದ ಲೆಕ್ಕ. ಪಾಶ್ಚಾತ್ಯ ಪಿಯಾನೊ ಗ್ರೇಡ್ ಪರೀಕ್ಷೆಗಳ ಕಡೆಗೆ ಮನಸ್ಸಿದ್ದರೆ ಭಾರದ ಕೀಗಳಿರುವ ಡಿಜಿಟಲ್ ಪಿಯಾನೊವೇ ಬೇಕು. ಆದರೆ ಟ್ರಿನಿಟಿ ಕಾಲೇಜ್ ಲಂಡನ್ ಎಲೆಕ್ಟ್ರಾನಿಕ್ ಕೀಬೋರ್ಡಿಗೆಂದೇ ಬೇರೆ ಪರೀಕ್ಷೆ ನಡೆಸುತ್ತದೆ. ಅದಕ್ಕೆ ಟಚ್ ಇರುವ 61 ಕೀ ಸಾಕು. ಭಾವಗೀತೆ, ಸಿನಿಮಾ ಹಾಡುಗಳಿಗಂತೂ 61 ಧಾರಾಳ: ಐದು ಸಪ್ತಕ ಸಿಗುತ್ತದೆ. ಸಾಮಾನ್ಯ ಹಾರ್ಮೋನಿಯಂನಲ್ಲಿರುವುದು ಮೂರು, ಮೂರೂವರೆ. ಹಾಗಾಗಿ ಮೊದಲು ಕಲಿಸುವವರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ಮಕ್ಕಳ ಬೆರಳು ಸಣ್ಣದೆಂದು ಮಿನಿ ಕೀಗಳ ಕೀಬೋರ್ಡ್ ಕೊಡಿಸುವುದೂ ತಪ್ಪು ಲೆಕ್ಕವೇ. ಕೀಯಿಂದ ಕೀಗೆ ಎಷ್ಟು ದೂರ ಎಂಬ ಅಂದಾಜು ಕೈಯಲ್ಲಿ ಕೂತುಬಿಡುತ್ತದೆ. ಪೂರ್ಣ ಅಳತೆಯ ಕೀಬೋರ್ಡ್ ಬಂದ ದಿನ ಮತ್ತೆ ಮೊದಲಿನಿಂದ ರೂಢಿಯಾಗಬೇಕು.

"ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತ ಆಗದು"

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಇದೆ: ತಬಲಾ, ತಂಬೂರಿ ಇರುವ ಭಾರತೀಯ ಮಾದರಿ ಕೊಂಡರೆ ಎಲ್ಲವೂ ಬರುತ್ತದೆ ಎಂಬುದು. ಎರಡನ್ನೂ ಪೂರ್ತಿ ಒಪ್ಪಲಾಗದು. ಮಾಯಾಮಾಳವಗೌಳದ ಸರಳೆ, ಜಂಟಿ ವರಸೆ, ಅಲಂಕಾರಗಳು ಚೆನ್ನಾಗಿಯೇ ನುಡಿಯುತ್ತವೆ. ಹಾಡುವವರ ಶ್ರುತಿ ಬೇರೆಯಾದರೆ ಟ್ರಾನ್ಸ್‌ಪೋಸ್ ಗುಂಡಿ ಅರ್ಧರ್ಧ ಸ್ವರದಂತೆ ಏರಿಸಿ ಇಳಿಸಿ ಹೊಂದಿಸಿಕೊಡುತ್ತದೆ. ತೊಡಕು ಬರುವುದು ಗಮಕಕ್ಕೆ. ಸಪ್ತಕಕ್ಕೆ ಹನ್ನೆರಡು ನಿಂತ ಸ್ವರಗಳು. ಒಂದರಿಂದ ಇನ್ನೊಂದಕ್ಕೆ ಜಾರುವ ದಾರಿಯಿಲ್ಲ. ಹಾರ್ಮೋನಿಯಂ ಮೇಲೂ ಇದೇ ಆಕ್ಷೇಪವಿತ್ತು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು, ಮೂರು ದಶಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಕೀಬೋರ್ಡಿಗೆ ಒಂದು ಉಪಾಯವಿದೆ, ಎಡಬದಿಯ ಪಿಚ್ ಬೆಂಡ್ ಗಾಲಿ. ಬಲಗೈ ಸ್ವರ ಹಿಡಿದರೆ ಎಡಗೈ ಗಾಲಿ ತಿರುವಿ ಅದನ್ನು ಜಾರಿಸಬಹುದು. ತೋಡಿಯ ಗಾಂಧಾರವನ್ನು ಹೀಗೆ ಅಲುಗಿಸಲು ವರ್ಷಗಳ ಸಾಧನೆ ಬೇಕು ಎನ್ನುವುದು ಬೇರೆ ಮಾತು. ಅಗ್ಗದ ಮಾದರಿಗಳಲ್ಲಿ ಎಷ್ಟೋ ಸಲ ಈ ಗಾಲಿಯೇ ಇರುವುದಿಲ್ಲ. ಶಾಸ್ತ್ರೀಯ ಸಂಗೀತದ ಆಸೆಯಿದ್ದರೆ ತಬಲಾ ಸದ್ದಿಗಿಂತ ಮೊದಲು ಅದನ್ನು ಹುಡುಕಿ.

ಇನ್ನು ಕೆಲವು ಚಿಲ್ಲರೆ ನಂಬಿಕೆಗಳು. ದೀಪ ಹತ್ತುವ ಕೀಗಳು ತಾವೇ ಸಂಗೀತ ಕಲಿಸುವುದಿಲ್ಲ. ಮಗು ದೀಪದ ಬೆನ್ನು ಹತ್ತುತ್ತದೆ, ಕಿವಿ ಸುಮ್ಮನಿರುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ "ಮಿಡಿ ಕೀಬೋರ್ಡ್" ಸಾಮಾನ್ಯವಾಗಿ ತಾನಾಗಿ ಸದ್ದು ಮಾಡುವುದಿಲ್ಲ. ಕಂಪ್ಯೂಟರಿಗೋ ಫೋನಿಗೋ ಜೋಡಿಸಿದರೆ ಮಾತ್ರ ದನಿ. ಹಿಂಬದಿಯ ಚೌಕಾಕಾರದ ಯುಎಸ್‌ಬಿ ಕಿಂಡಿ ಇರುವುದೂ ಕಂಪ್ಯೂಟರಿಗೆ ಜೋಡಿಸಲೆಂದೇ. ಪೆನ್‌ಡ್ರೈವ್ ಅದಕ್ಕೆ ಹಿಡಿಯುವುದಿಲ್ಲ.

ಅಡಾಪ್ಟರ್ ಯಾವುದಾದರೇನು, ಪಿನ್ ಕೂತರಾಯಿತು ಎನ್ನುವವರು ದುಡ್ಡು ಕಳೆದುಕೊಳ್ಳುತ್ತಾರೆ. ಯಮಾಹಾದ ಹಲವು ಮಾದರಿಗಳು 12 ವೋಲ್ಟಿನವು, ಕ್ಯಾಸಿಯೊದ ಹಲವು 9.5 ವೋಲ್ಟಿನವು. ಹಳೆಯ ಕೆಲವು ಕ್ಯಾಸಿಯೊಗಳಲ್ಲಿ ಪ್ಲಸ್ ಮೈನಸ್ ಕೂಡ ಅದಲುಬದಲು. ಬದಲಿ ಅಡಾಪ್ಟರ್ ತರುವಾಗ ಕೀಬೋರ್ಡಿನ ಸಾಕೆಟ್ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ, ಚಿಹ್ನೆಗಳ ಫೋಟೊ ತೆಗೆದುಕೊಂಡು ಹೋಗಿ, ಅಂಗಡಿಯಲ್ಲೇ ತಾಳೆ ನೋಡಿ.