ಬ್ರಷ್ಷಿಲ್ಲದ ಡಿ.ಸಿ. ಮೋಟಾರಿನ ಪಂಪಿಗೆ ವೇಗವನ್ನು ಗೊತ್ತುಮಾಡುವ ಕ್ರಮ

ಬಾವಿಯಿಂದ ನೀರೆತ್ತುವುದಕ್ಕೆ ಕಪಿಲೆಯೇ ಮುಖ್ಯ ಸಾಧನವಾಗಿದ್ದ ಕಾಲದಲ್ಲಿ ಎತ್ತುಗಳ ನಡಿಗೆಯು ಎಷ್ಟಿರಬೇಕೆಂಬುದನ್ನು ಕಪಿಲೆ ಹೊಡೆಯುವವನೇ ಗೊತ್ತುಮಾಡುತ್ತಿದ್ದನು. ಬಾವಿಯಲ್ಲಿ ನೀರು ತಗ್ಗಿದುದನ್ನು ಕಂಡರೆ ನಡಿಗೆಯನ್ನು ನಿಧಾನಪಡಿಸುವನು. ಊಟೆ ಚೆನ್ನಾಗಿದ್ದರೆ ಚುರುಕುಗೊಳಿಸುವನು. ಬ್ರಷ್ಷಿಲ್ಲದ ಡಿ.ಸಿ. ಮೋಟಾರಿನಿಂದ ನಡೆಯತಕ್ಕ ಪಂಪುಗಳಲ್ಲಿ ಈ ಕೆಲಸವನ್ನು ಒಂದು ಸಣ್ಣ ವಿದ್ಯುತ್ ಸಂಜ್ಞೆಯು ಮಾಡುವುದು. ಇದಕ್ಕೆ ವೇಗಸಂಜ್ಞೆಯೆಂದು ಹೆಸರಿಡಬಹುದು. ಭಾರತ ಸರ್ಕಾರವು 2019ರಲ್ಲಿ ಪಿಎಂ-ಕುಸುಮ್ ಯೋಜನೆಯನ್ನು ಆರಂಭಿಸಿ, ಸೌರಶಕ್ತಿಯ ಪಂಪುಗಳಿಗೆ ಸಹಾಯಧನವನ್ನು ಏರ್ಪಡಿಸಿತು. ಇಂತಹ ಪಂಪುಗಳಲ್ಲಿ ಕೆಲವು ಈ ಬಗೆಯ ಮೋಟಾರಿನವಾಗಿರುವುದರಿಂದ, ವೇಗಸಂಜ್ಞೆಯ ವಿಚಾರವನ್ನು ಬೇಸಾಯಗಾರರು ತಿಳಿದಿರುವುದು ಅವಶ್ಯಕವು.

ಮೋಟಾರಿನ ರಚನೆ

ಈ ಮೋಟಾರಿನ ತಿರುಗುವ ಭಾಗದಲ್ಲಿ ಶಾಶ್ವತ ಅಯಸ್ಕಾಂತಗಳೂ, ಹೊರಗಿನ ಸ್ಥಿರಭಾಗದಲ್ಲಿ ತಂತಿಯ ಸುರುಳಿಗಳೂ ಇರುವುವು. ಹಳೆಯ ಡಿ.ಸಿ. ಮೋಟಾರುಗಳಲ್ಲಿ ಸವೆದುಹೋಗುತ್ತಿದ್ದ ಬ್ರಷ್ಷುಗಳು ಇದರಲ್ಲಿಲ್ಲ. ಯಾವ ಸುರುಳಿಗೆ ಯಾವಾಗ ವಿದ್ಯುತ್ತನ್ನು ಹರಿಸಬೇಕೆಂಬುದನ್ನು ನಿಯಂತ್ರಕವೆಂಬ ಪೆಟ್ಟಿಗೆಯು ನಿರ್ಣಯಿಸುವುದು. ಅನೇಕ ಮೋಟಾರುಗಳಲ್ಲಿ ಅಯಸ್ಕಾಂತಗಳ ಸ್ಥಾನವನ್ನು ತಿಳಿಸಲು ಹಾಲ್ ಸಂವೇದಕಗಳು ಮೂರು ಇರುವುವು. ನಾಲ್ಕು ಧ್ರುವಗಳ ಮೋಟಾರು ಒಂದು ಸುತ್ತು ತಿರುಗುವಷ್ಟರಲ್ಲಿ ಇವುಗಳಿಂದ 12 ಸೂಚನೆಗಳು ಬರುವುವು; ನಿಮಿಷಕ್ಕೆ 3,000 ಸುತ್ತುಗಳ ವೇಗದಲ್ಲಿ ಸೆಕೆಂಡಿಗೆ 600 ಸೂಚನೆಗಳಾಗುವುವು. ಈ ಸೂಚನೆಗಳಿಂದ ಇರುವ ವೇಗವನ್ನು ಎಣಿಸಿ, ವೇಗಸಂಜ್ಞೆಯು ಕೇಳುವ ವೇಗದೊಡನೆ ಹೋಲಿಸಿ, ಕೊರತೆಯಿದ್ದರೆ ವಿದ್ಯುತ್ತನ್ನು ಹೆಚ್ಚಿಸುವುದೂ, ಹೆಚ್ಚಿದ್ದರೆ ಕಡಮೆಮಾಡುವುದೂ ನಿಯಂತ್ರಕದ ಕೆಲಸ. ಕೇಳಿದ ವೇಗವು ಬಾವಿಗೆ ತಕ್ಕುದೇ ಅಲ್ಲವೇ ಎಂಬುದನ್ನು ಅದು ತಾನಾಗಿ ಅರಿಯಲಾರದು. ಅದನ್ನು ಪಂಪನ್ನು ಕೂರಿಸುವಾಗಲೇ ಗೊತ್ತುಮಾಡಬೇಕು.

ಕನಿಷ್ಠ ವೇಗ

ಕೇಂದ್ರಾಪಗಾಮಿ ಪಂಪಿನ ವೇಗವನ್ನು ಅರ್ಧಕ್ಕಿಳಿಸಿದರೆ ನೀರೂ ಅರ್ಧವಾಗುವುದೆಂದು ಅನೇಕರು ಭಾವಿಸುವರು. ಬಾವಿಯ ಪಂಪಿನಲ್ಲಿ ಹೀಗಾಗುವುದಿಲ್ಲ. ಪಂಪು ನೀರನ್ನೆತ್ತಬಲ್ಲ ಎತ್ತರವು ವೇಗದ ವರ್ಗವನ್ನು ಅನುಸರಿಸುವುದು. ಅದಕ್ಕೆ ಬೇಕಾದ ಶಕ್ತಿಯು ವೇಗದ ಘನವನ್ನು ಅನುಸರಿಸುವುದು.

ಉದಾಹರಣೆಗೆ, ನಿಮಿಷಕ್ಕೆ 3,000 ಸುತ್ತುಗಳಲ್ಲಿ ಹೆಚ್ಚೆಂದರೆ 100 ಅಡಿ ಎತ್ತಬಲ್ಲ ಪಂಪೊಂದನ್ನು ತೆಗೆದುಕೊಳ್ಳೋಣ. ಬಾವಿಯ ನೀರಿನ ಮಟ್ಟದಿಂದ ತೊಟ್ಟಿಯ ಬಾಯಿಯವರೆಗೆ 64 ಅಡಿ ಇರಲಿ. ವೇಗವನ್ನು 2,400 ಸುತ್ತುಗಳಿಗೆ, ಎಂದರೆ ಐದರಲ್ಲಿ ನಾಲ್ಕು ಪಾಲಿಗೆ, ಇಳಿಸಿದರೆ ಪಂಪಿನ ಎತ್ತುವ ಶಕ್ತಿಯು ಸರಿಯಾಗಿ 64 ಅಡಿಗೆ ಬರುವುದು. ನೀರು ಕೊಳವೆಯಲ್ಲಿ ಬಾಯಿಯವರೆಗೆ ಏರಿ ಅಲ್ಲಿಯೇ ನಿಲ್ಲುವುದು. ತೊಟ್ಟಿಗೆ ಒಂದು ತೊಟ್ಟೂ ಬೀಳದು. ಪಂಪು ಮಾತ್ರ ಒಳಗಿರುವ ನೀರನ್ನೇ ಕಡೆಯುತ್ತ ಬಿಸಿಯಾಗುವುದು. ಮುಳುಗು ಮೋಟಾರಾದರೆ, ಹರಿಯುವ ನೀರಿನಿಂದ ತಂಪಾಗಬೇಕಾದ ಅದಕ್ಕೆ ಅಪಾಯವೂ ಉಂಟು.

ಆದುದರಿಂದ ಈ ಬಾವಿಯಲ್ಲಿ ದೊರೆಯುವ ನೀರೆಲ್ಲವೂ 2,400ರಿಂದ 3,000 ಸುತ್ತುಗಳ ನಡುವೆಯೇ ಇರುವುದು. ವೇಗದ ಗುಂಡಿಯನ್ನು ಸೊನ್ನೆಯಿಂದ 3,000ದವರೆಗೆ ಹೊಂದಿಸಿದರೆ ಐದರಲ್ಲಿ ನಾಲ್ಕು ಪಾಲು ತಿರುವು ನಿಷ್ಪ್ರಯೋಜಕವಾಗಿ, ಕೊನೆಯ ಒಂದು ಪಾಲಿನಲ್ಲಿ ಸ್ವಲ್ಪ ತಿರುಗಿಸಿದರೂ ನೀರು ಬಹಳವಾಗಿ ಹೆಚ್ಚುಕಡಮೆಯಾಗುವುದು. ಸಂಜ್ಞೆಯ ಕನಿಷ್ಠ ಬೆಲೆಗೆ 2,400 ಸುತ್ತುಗಳನ್ನೂ, ಗರಿಷ್ಠ ಬೆಲೆಗೆ 3,000 ಸುತ್ತುಗಳನ್ನೂ ಹೊಂದಿಸುವುದೇ ಸರಿಯಾದ ಕ್ರಮ.

ಈ ಲೆಕ್ಕಕ್ಕೆ ಮಳೆಗಾಲದ ನೀರಿನ ಮಟ್ಟವನ್ನು ಹಿಡಿಯಬಾರದು. ಬೇಸಗೆಯಲ್ಲಿ ನೀರು 6 ಅಡಿ ತಗ್ಗಿ ಎತ್ತರವು 70 ಅಡಿಯಾದರೆ ಕನಿಷ್ಠ ವೇಗವು ಸುಮಾರು 2,510 ಸುತ್ತುಗಳಿಗೆ ಏರುವುದು. ಪಂಪು ನಡೆಯುತ್ತಿರುವಾಗ ನೀರು ಎಷ್ಟು ತಗ್ಗುವುದೆಂಬುದನ್ನೂ, ಕೊಳವೆಯ ಘರ್ಷಣೆಯನ್ನೂ ಗಣನೆಗೆ ತರತಕ್ಕದ್ದು.

ಗರಿಷ್ಠ ವೇಗ

ಗರಿಷ್ಠ ವೇಗವನ್ನು ಬಾವಿಯ ಊಟೆಯನ್ನು ನೋಡಿ ಗೊತ್ತುಮಾಡಬೇಕು. ಊಟೆಗಿಂತ ಹೆಚ್ಚಾಗಿ ಎಳೆದರೆ ಪಂಪು ಬರಿದೇ ಓಡಿ ಕೆಡುವುದು. ಇದನ್ನು ಪರೀಕ್ಷಿಸಲು 200 ಲೀಟರಿನ ಪೀಪಾಯಿಯೂ ಗಡಿಯಾರವೂ ಸಾಕು. ಪೀಪಾಯಿಯು 50 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 4 ಲೀಟರು, ಗಂಟೆಗೆ 14,400 ಲೀಟರು ಬರುತ್ತಿರುವುದೆಂದು ತಿಳಿಯಬಹುದು. ಹೀಗೆ ಎರಡು ಮೂರು ಗಂಟೆಗಳ ಕಾಲ ನಡೆಸಿದರೂ ಬಾವಿಯ ಮಟ್ಟವು ಒಂದು ಕಡೆ ನಿಂತರೆ ಆ ವೇಗವು ಬಾವಿಗೆ ಒಗ್ಗುವುದು. ಇಳಿಯುತ್ತಲೇ ಹೋದರೆ ವೇಗವನ್ನು ತಗ್ಗಿಸಬೇಕು. ತಯಾರಕರು ವಿಧಿಸಿರುವ ವೇಗವನ್ನು ಮೀರುವುದಂತೂ ಕೂಡದು. ಶೇಕಡ 10ರಷ್ಟು ವೇಗವನ್ನು ಹೆಚ್ಚಿಸಿದರೆ ಬೇಕಾಗುವ ಶಕ್ತಿಯು ಶೇಕಡ 33ರಷ್ಟು ಹೆಚ್ಚುವುದು.

ತಂತಿ ಕಡಿದರೆ ಆಗುವುದೇನು?

ಸಾಮಾನ್ಯವಾಗಿ ಸಂಜ್ಞೆಯನ್ನು ಮೂರು ತಂತಿಗಳ ಗುಂಡಿಯಿಂದ ಕೊಡುವರು. ಒಂದು ತಂತಿಗೆ 10 ವೋಲ್ಟು, ಇನ್ನೊಂದಕ್ಕೆ ಸೊನ್ನೆ. ನಡುವಣ ತಂತಿಯಲ್ಲಿ ಗುಂಡಿಯ ಸ್ಥಾನಕ್ಕೆ ತಕ್ಕ ವೋಲ್ಟು ದೊರೆಯುವುದು. ತೋಟಗಳಲ್ಲಿ ಇಲಿ ಕಡಿದೋ, ಗುದ್ದಲಿ ತಗುಲಿಯೋ ತಂತಿ ತುಂಡಾಗುವುದು ಅಪೂರ್ವವಲ್ಲ. ಸೊನ್ನೆಯ ತಂತಿಯೇ ಕಡಿದರೆ ನಡುವಣ ತಂತಿಯು ಪೂರ್ತಿ 10 ವೋಲ್ಟಿಗೆ ಏರಿ, ಯಾರೂ ಮುಟ್ಟದಿದ್ದರೂ ಮೋಟಾರು ಗರಿಷ್ಠ ವೇಗದಲ್ಲಿ ಓಡತೊಡಗುವುದು.

ಇದನ್ನು ತಪ್ಪಿಸಲು ಗುಂಡಿಯ ಎರಡು ಕೊನೆಗಳಿಗೂ ಸ್ಥಿರವಾದ ರೋಧಕಗಳನ್ನು ಸೇರಿಸಿ, ರೋಧಕ, ಗುಂಡಿ, ರೋಧಕ ಇವುಗಳ ಪ್ರಮಾಣವು 2, 6, 2 ಆಗುವಂತೆ ಮಾಡಬೇಕು. ಆಗ ಗುಂಡಿಯನ್ನು ಎಷ್ಟು ತಿರುಗಿಸಿದರೂ ಸಂಜ್ಞೆಯು 2 ವೋಲ್ಟಿಗಿಂತ ಇಳಿಯದು, 8 ವೋಲ್ಟಿಗಿಂತ ಏರದು. ಮೇಲಿನ ಉದಾಹರಣೆಯಲ್ಲಿ 2 ವೋಲ್ಟಿಗೆ 2,400, 5 ವೋಲ್ಟಿಗೆ 2,700, 8 ವೋಲ್ಟಿಗೆ 3,000 ಸುತ್ತುಗಳಾಗಿ, ಒಂದೊಂದು ವೋಲ್ಟಿಗೂ 100 ಸುತ್ತುಗಳು ಬರುವುವು. 1 ವೋಲ್ಟಿಗಿಂತ ಕಡಮೆ ಅಥವಾ 9 ವೋಲ್ಟಿಗಿಂತ ಹೆಚ್ಚು ಕಂಡರೆ ತಂತಿ ಕೆಟ್ಟಿದೆಯೆಂದು ತಿಳಿದು ಮೋಟಾರನ್ನು ನಿಲ್ಲಿಸುವಂತೆ ನಿಯಂತ್ರಕವನ್ನು ಹೊಂದಿಸತಕ್ಕದ್ದು. ನಡುವಣ ತಂತಿಯು ಕಡಿದಾಗ ಸಂಜ್ಞೆಯು ಸೊನ್ನೆಗೆ ಬರುವಂತೆ, ನಿಯಂತ್ರಕದ ಬಳಿ ಆ ತಂತಿಗೂ ಸೊನ್ನೆಗೂ ನಡುವೆ ದೊಡ್ಡ ರೋಧಕವೊಂದು ಇರಬೇಕು. ಪಂಪನ್ನು ನಿಲ್ಲಿಸುವುದಕ್ಕೆ ಪ್ರತ್ಯೇಕ ಸ್ವಿಚ್ಚನ್ನು ಇಡಬೇಕು. ಗುಂಡಿಯನ್ನು ಅದಕ್ಕೆ ಉಪಯೋಗಿಸಬಾರದು.

ಸಂಜ್ಞೆಯ ತಂತಿಗಳನ್ನು ಮೋಟಾರಿನ ತಂತಿಗಳ ಜೊತೆಯಲ್ಲಿ ಒಂದೇ ಕೊಳವೆಯಲ್ಲಿ ಎಳೆಯಬಾರದು. ದೂರವು ಹೆಚ್ಚಾಗಿದ್ದರೆ ವೋಲ್ಟಿಗೆ ಬದಲಾಗಿ 4ರಿಂದ 20 ಮಿಲಿಆಂಪಿಯರಿನ ಸಂಜ್ಞೆಯು ಉತ್ತಮ. ಇದರಲ್ಲಿ ಕನಿಷ್ಠ ಸಂಜ್ಞೆಯೂ 4 ಮಿಲಿಆಂಪಿಯರು ಇರುವುದರಿಂದ, ಸೊನ್ನೆಯಾದೊಡನೆಯೇ ತಂತಿ ಕಡಿದುದು ತಿಳಿಯುವುದು.

ಸೂರ್ಯನ ಬೆಳಕಿಗೆ ತಕ್ಕ ವೇಗ

ಸೌರಫಲಕಗಳಿಂದ ನಡೆಯುವ ಪಂಪಿನಲ್ಲಿ ಗುಂಡಿಯು ಮೇಲಿನ ಮಿತಿಯನ್ನು ಮಾತ್ರ ಹೇಳುವುದು. ಬೆಳಕು ಸಾಲದಿರುವಾಗ ಹೆಚ್ಚು ವೇಗವನ್ನು ಕೇಳಿದರೆ ಫಲಕಗಳ ವೋಲ್ಟು ಕುಸಿದು ಮೋಟಾರು ನಿಲ್ಲುವುದು. ಭಾರವಿಳಿದೊಡನೆ ವೋಲ್ಟು ಏರಿ ಮತ್ತೆ ಹೊರಡುವುದು. ಆದಕಾರಣ ನಿಯಂತ್ರಕವು ವೇಗಸಂಜ್ಞೆಯನ್ನು ಆಗಾಗ್ಗೆ ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ, ಯಾವ ಸ್ಥಾನದಲ್ಲಿ ಫಲಕಗಳಿಂದ ಅತ್ಯಧಿಕ ಶಕ್ತಿಯು ದೊರೆಯುವುದೋ ಅಲ್ಲಿಗೆ ಬಂದು ನಿಲ್ಲುವುದು. ಮೋಡ ಕವಿದು ಕನಿಷ್ಠ ವೇಗಕ್ಕೂ ಶಕ್ತಿ ಸಾಲದಾದರೆ ಪಂಪನ್ನು ನಿಲ್ಲಿಸಿ, ಕೆಲವು ನಿಮಿಷಗಳಾದ ಮೇಲೆ ಪುನಃ ಪ್ರಾರಂಭಿಸುವಂತೆ ಹೊಂದಿಸುವುದು ಒಳ್ಳೆಯದು. ವೇಗವು ಏರುವುದೂ ಇಳಿಯುವುದೂ ತಯಾರಕರು ಸೂಚಿಸಿರುವಷ್ಟು ಸೆಕೆಂಡುಗಳಲ್ಲಿ ಆಗಬೇಕು. ಥಟ್ಟನೆ ನಿಲ್ಲಿಸಿದರೆ ಕೊಳವೆಯಲ್ಲಿರುವ ನೀರು ಹಿಂದಕ್ಕೆ ಬಡಿದು ವಾಲ್ವನ್ನು ಜಖಂಗೊಳಿಸುವುದು.

ಬೇಸಾಯಗಾರರು ಗಮನಿಸಬೇಕಾದುದು

ಪಂಪನ್ನು ಕೂರಿಸಲು ಬಂದವರು ಹೊರಡುವ ಮುನ್ನ ಕನಿಷ್ಠ ವೇಗ, ಗರಿಷ್ಠ ವೇಗ, ಏರಿಳಿತದ ಕಾಲ ಇವುಗಳನ್ನು ಬರೆಯಿಸಿಕೊಂಡು ನಿಯಂತ್ರಕದ ಬಾಗಿಲಿನ ಒಳಗೆ ಅಂಟಿಸಿಡಬೇಕು. ಸಂಜ್ಞೆಯ ಮೂರು ತಂತಿಗಳನ್ನೂ ಅವರ ಕೈಯಿಂದಲೇ ಒಂದೊಂದಾಗಿ ಬಿಚ್ಚಿಸಿ, ಪ್ರತಿಸಲವೂ ಮೋಟಾರು ನಿಲ್ಲುವುದೆಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕು. ಬೇಸಗೆಯ ಆರಂಭದಲ್ಲಿ ನೀರಿನ ಮಟ್ಟವನ್ನು ಅಳೆದು ಕನಿಷ್ಠ ವೇಗವನ್ನು ಸರಿಪಡಿಸಬೇಕು. ಇಷ್ಟನ್ನು ಮಾಡಿದರೆ ಪಂಪು ಬಾವಿಗೂ ಬಿಸಿಲಿಗೂ ಹೊಂದಿಕೊಂಡು ನಡೆದು, ಬೆಳೆಗೆ ನೀರು ಬೇಕಾದ ದಿನ ಕೈಬಿಡದೆ ಇರುವುದು.